ಕೊನೆಯ ಜಾಗದ ಚೀಟಿ

ಆ ಪೆಟ್ಟಿಗೆ ತುಂಬಿದವಳು ನಾನು. ಮೆಹರೂನ ಅಲ್ಲ.

ಎಂಟು ವರ್ಷ ಈ ಮಾತನ್ನು ಹಲ್ಲು ಕಚ್ಚಿ ಒಳಗೇ ಇಟ್ಟುಕೊಂಡಿದ್ದೆ. ಈಗ ಬರೆಯುತ್ತಿರುವುದು ಯಾರ ಕನಿಕರಕ್ಕೂ ಅಲ್ಲ. "ಪಾಪ, ಆಕೆಗೂ ಏನು ಕಷ್ಟ ಇತ್ತೋ" ಎಂದು ನನ್ನ ತಲೆ ಸವರಲು ಬರುವವರು ಇಲ್ಲಿಗೇ ನಿಲ್ಲಿಸಿ ಬೇರೆ ಏನಾದರೂ ಓದಲಿ. ನನಗೆ ಕಷ್ಟ ಇರಲಿಲ್ಲ. ಹೆದರಿಕೆ ಇತ್ತು. ಅದರ ಜೊತೆಗೆ ಒಂದು ಆಸೆಯೂ ಇತ್ತು – ಅದನ್ನು ಮುಂದೆ ಹೇಳುತ್ತೇನೆ, ಬಿಡುವುದಿಲ್ಲ.

ನನ್ನ ಹೆಸರು ಕಸ್ತೂರಿ. ಕಾಗವಾಡದ ಆಸುಪಾಸಿನ ಒಂದು ಊರಿನವಳು. ಒಣದ್ರಾಕ್ಷಿ ಆರಿಸುವ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ದುಡಿಯುತ್ತಿದ್ದೇನೆ. ನಮ್ಮ ಕಡೆ ಅದಕ್ಕೆ ಬೇದಾಣೆ ಅನ್ನುತ್ತಾರೆ. ಮೆಹರೂನ ನನ್ನ ಓರಗೆಯವಳು, ನಮ್ಮಿಬ್ಬರ ಮನೆಗಳಿಗೆ ನಡುವಿನ ಗೋಡೆ ಒಂದೇ. ನನ್ನನ್ನು ಆ ಶೆಡ್ಡಿಗೆ ಮೊದಲ ದಿನ ಕೈ ಹಿಡಿದು ಕರೆದುಕೊಂಡು ಹೋದವಳೂ ಅವಳೇ.

ಆ ಕೆಲಸ ಹೇಗೆ ನಡೆಯುತ್ತದೆ ಎಂದು ಗೊತ್ತಾಗದಿದ್ದರೆ ನಾನು ಮಾಡಿದ್ದು ಎಂಥದ್ದು ಎಂದು ತಿಳಿಯುವುದಿಲ್ಲ. ಉದ್ದನೆಯ ರಬ್ಬರ್ ಪಟ್ಟಾ ಇರುತ್ತದೆ. ಅದರ ಮೇಲೆ ಬೇದಾಣೆ ಹರಿದು ಬರುತ್ತದೆ. ಎರಡೂ ಮಗ್ಗುಲಿಗೆ ಹೆಂಗಸರು ಕೂತಿರುತ್ತಾರೆ. ಮುಂದಿನವರು ಕಡ್ಡಿ ಆರಿಸುತ್ತಾರೆ, ನಡುವಿನವರು ಕಪ್ಪಾದದ್ದು, ಕೊಳೆತದ್ದು ತೆಗೆಯುತ್ತಾರೆ. ಪಟ್ಟಾ ಮುಗಿಯುವಲ್ಲಿ ಒಬ್ಬಳೇ ಕೂರುವ ಜಾಗ – ಅದೇ ಕೊನೆಯ ಜಾಗ. ಎಲ್ಲರ ಕೈತಪ್ಪಿ ಬಂದದ್ದನ್ನು ಅಲ್ಲಿ ಕೂತವಳು ಹಿಡಿಯಬೇಕು. ಅವಳನ್ನು ದಾಟಿದ ಮಾಲು ನೇರ ಪೆಟ್ಟಿಗೆಗೆ ಬೀಳುತ್ತದೆ. ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲದ ಬಾಯಿ ಕಟ್ಟಿ, ತನ್ನ ನಂಬರಿನ ಚೀಟಿಯನ್ನು ಒಳಗಿಟ್ಟು ಮುಚ್ಚುವವಳೂ ಅವಳೇ. ಮುಂದೆ ಎಲ್ಲಿಂದಾದರೂ ತಕರಾರು ಬಂದರೆ ಮಾಲಕರು ಮೊದಲು ನೋಡುವುದು ಆ ಚೀಟಿಯನ್ನು.

ಕೊನೆಯ ಜಾಗ ಮೆಹರೂನಳದು. ಅಂಥ ಕಣ್ಣು ನಮ್ಮ ಶೆಡ್ಡಿನಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಮನೆಯಲ್ಲಿ ಕೌದಿ ಹೊಲಿಯುತ್ತಿದ್ದಳು – ಹಳೆ ಸೀರೆಗಳನ್ನು ಪದರ ಪದರ ಸೇರಿಸಿ ಇರುವೆ ಸಾಲಿನಂಥ ಹೊಲಿಗೆ. ನಾನು ಕೂರುತ್ತಿದ್ದದ್ದು ಅವಳಿಗಿಂತ ಒಂದು ಜಾಗ ಹಿಂದೆ. ಎರಡನೆಯ ಕಣ್ಣು ನನ್ನದು ಎಂದು ಎಲ್ಲರೂ ಅನ್ನುತ್ತಿದ್ದರು. ಎರಡನೆಯದು ಅನ್ನಿಸಿಕೊಂಡು ಕೂರುವುದು ಎಂಥ ಸಂಕಟ ಎಂದು ಮೊದಲನೆಯವರಿಗೆ ಗೊತ್ತಾಗುವುದಿಲ್ಲ.

ಈ ಕಣ್ಣಿನ ಕೆಲಸದಲ್ಲಿ ಒಂದು ವಿಚಿತ್ರ ಇದೆ. ಹೊಸಬರಿಗೆ ನಾನು ಇಂದಿಗೂ ಅದನ್ನು ಬಾಯಲ್ಲಿ ಹೇಳಿ ಕಲಿಸಲಾರೆ. ಒಂದೇ ಬಣ್ಣದ, ಒಂದೇ ಗಾತ್ರದ ಕಾಳು ಗಂಟೆಗಟ್ಟಲೆ ಹರಿಯುತ್ತಿದ್ದರೆ ನಾವು ಅದನ್ನು ನೋಡುತ್ತಲೇ ಇರುವುದಿಲ್ಲ. ಮಾತಾಡುತ್ತೇವೆ, ನಗುತ್ತೇವೆ, ಮನೆಯ ಜಗಳ ನೆನೆಸಿ ಒಳಗೇ ಬೈಯುತ್ತೇವೆ. ನಡುವೆ ಎಲ್ಲೋ ಬೇರೆಯದೊಂದು ಬಂತೋ – ಕೈ ತಾನಾಗಿ ಏಳುತ್ತದೆ. ಎತ್ತಿ ಬುಟ್ಟಿಗೆ ಹಾಕಿದ ಮೇಲೆ ಅದು ಕಲ್ಲೋ ಕಡ್ಡಿಯೋ ಎಂದು ನಮಗೆ ತಿಳಿಯುವುದು. ಕೈಗೆ ಮೊದಲು, ನಮಗೆ ಆಮೇಲೆ.

ನಮ್ಮ ಓಣಿಯಲ್ಲಿ ನಳಕ್ಕೆ ನಾಲ್ಕು ದಿನಕ್ಕೊಮ್ಮೆ ನೀರು. ಅದೂ ಹೇಳಿ ಕೇಳಿ ಬರುವುದಿಲ್ಲ. ಶೆಡ್ಡಿನ ಬಾಗಿಲಲ್ಲಿ ಯಾರೋ "ನೀರು ಬಂತ್ರೆಪಾ" ಎಂದು ಕೂಗಿದರೆ ನಮ್ಮಿಬ್ಬರಲ್ಲಿ ಒಬ್ಬಳು ಓಡಿಹೋಗಿ ಎರಡೂ ಮನೆಯ ಕೊಡ ತುಂಬಿ ಬರುವುದು, ಇನ್ನೊಬ್ಬಳು ಇಬ್ಬರ ಜಾಗವನ್ನೂ ಸಂಭಾಳಿಸುವುದು – ಇದು ರೂಢಿ. ಮಾಲಕರಿಗೆ ತಿಳಿದರೆ ಆ ದಿನವೇ ಮನೆಗೆ ಕಳಿಸುತ್ತಿದ್ದರು. ಆದರೆ ಪಟ್ಟಾದ ಹೆಂಗಸರೆಲ್ಲ ಹೀಗೇ ಮಾಡುತ್ತಿದ್ದರು, ಯಾರೂ ಯಾರ ಮೇಲೂ ಚಾಡಿ ಹೇಳುತ್ತಿರಲಿಲ್ಲ. ಮೆಹರೂನ ಹೋದಾಗ ನಾನು ಕೊನೆಯ ಜಾಗಕ್ಕೆ ಸರಿದು ಕೂರುತ್ತಿದ್ದೆ. ಆಗ ತುಂಬಿದ ಪೆಟ್ಟಿಗೆಗೆ ಅವಳ ಚೀಟಿಯನ್ನೇ ಹಾಕುತ್ತಿದ್ದೆ. ಅವಳ ದಿನದ ಪೆಟ್ಟಿಗೆಗಳಲ್ಲಿ ಕಡಿಮೆ ಬೀಳಬಾರದು, ನನ್ನ ಮನೆಯ ನೀರಿಗೆ ಹೋದವಳಲ್ಲವೇ ಎಂಬ ಪ್ರೀತಿಗೆ.

ಪ್ರೀತಿಗೆ ಹಾಕಿದ ಆ ಚೀಟಿಯೇ ಅವಳ ಕೊರಳಿಗೆ ಬಿತ್ತು.

ಆ ದಿನವೂ ಅವಳು ನೀರಿಗೆ ಹೋಗಿದ್ದಳು. ನಾನು ಕೊನೆಯ ಜಾಗದಲ್ಲಿ ಕೂತು ಎದುರಿನವಳಿಗೆ ನಮ್ಮ ಅತ್ತೆಯ ನಕಲು ಮಾಡಿ ತೋರಿಸುತ್ತಿದ್ದೆ. ಅತ್ತೆ ಹೇಗೆ ಸೊಸೆಯ ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಬಿಸಿಲಿಗೆ ಹಿಡಿದು ನೋಡುತ್ತಾಳೆ – ಅದನ್ನು. ಸುತ್ತಲಿನವರು ಹೊಟ್ಟೆ ಹಿಡಿದು ನಗುತ್ತಿದ್ದರು. ಆಗ ನನ್ನ ಕೈ ಎದ್ದಿತು. ಪಟ್ಟಾದ ಮೇಲೆ ಅರ್ಧಕ್ಕೆ ಹೋಗಿ ನಿಂತಿತು. ಬಾಯಿಯ ಮಾತೂ ತುಸು ತಡವರಿಸಿತು.

"ಏನಾತಬೇ?" ಎಂದಳು ಎದುರಿನವಳು.

"ಏನಿಲ್ಲ," ಎಂದೆ. ಕೈ ಹಿಂದಕ್ಕೆ ತೆಗೆದುಕೊಂಡೆ. ನಕಲು ಮುಂದುವರಿಸಿದೆ.

ಆ ಹೊತ್ತಿನಲ್ಲಿ ಚೀಲ ಕಟ್ಟುವ ಸುತಳಿ ತೀರಿತ್ತು. ಎದ್ದು ತರಲು ಬೇಸರ. ಹೆರಳಿನಿಂದ ನನ್ನ ಕೆಂಪು ರಬ್ಬರ್ ಬಿಚ್ಚಿ ಚೀಲದ ಬಾಯಿಗೆ ಸುತ್ತಿದೆ. ಮೆಹರೂನಳ ಚೀಟಿ ಇಟ್ಟು ಪೆಟ್ಟಿಗೆ ಮುಚ್ಚಿದೆ.

ಕೆಲವು ವಾರಗಳ ಮೇಲೆ ಮಾಲಕರು ನನ್ನನ್ನು ಒಬ್ಬಳನ್ನೇ ಆಫೀಸಿಗೆ ಕರೆದರು. ಮೇಜಿನ ಮೇಲೆ ವಾಪಸು ಬಂದ ಒಂದು ಪೆಟ್ಟಿಗೆ. ವ್ಯಾಪಾರಿ ಕಳಿಸಿದ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದರು – ಯಾರದೋ ಅಂಗೈಯ ಮೇಲೆ ಬಿಳಿಯ, ತೆಳ್ಳನೆಯ ಗಾಜಿನ ಚೂರು, ಒಡೆದ ಬಲ್ಬಿನದು ಇದ್ದ ಹಾಗೆ. ಒಂದು ಮಗುವಿನ ತುಟಿ ಸೀಳಿದೆ, ಹೊಲಿಗೆ ಹಾಕಿದ್ದಾರೆ ಎಂದರು. ಅಷ್ಟರಲ್ಲಿ ಅವರಿಗೆ ಫೋನು ಬಂತು, ಮಾತಾಡುತ್ತ ಕಿಟಕಿಯ ಕಡೆ ತಿರುಗಿದರು.

ನಾನು ಪೆಟ್ಟಿಗೆಯೊಳಗೆ ನೋಡಿದೆ. ಅರ್ಧ ಖಾಲಿಯಾದ ಚೀಲ. ಅದರ ಕುತ್ತಿಗೆಗೆ ನನ್ನ ಕೆಂಪು ರಬ್ಬರ್, ಅದಕ್ಕೆ ಸಿಕ್ಕಿಕೊಂಡ ನನ್ನದೇ ಎರಡು ಕೂದಲು.

ನಾನು ಏನು ಮಾಡಿದೆ ಗೊತ್ತೇ? ಯೋಚಿಸಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಯೋಚಿಸಿದೆ. ಮಾಲಕರ ಬೆನ್ನು ಎಷ್ಟು ಹೊತ್ತು ಇತ್ತ ಇರುತ್ತದೆ ಎಂದು ಅಂದಾಜು ಹಾಕಿದೆ. ಚೀಲದ ಬಾಯಿ ಮೆಲ್ಲಗೆ ಬಿಚ್ಚಿ ರಬ್ಬರನ್ನು ಕುಪ್ಪಸದೊಳಗೆ ಸೇರಿಸಿದೆ. ಮಾಲಕರು ಈ ಕಡೆ ತಿರುಗಿದಾಗ ನನ್ನ ಎರಡೂ ಕೈ ಸೆರಗಿನ ಮೇಲೆ ಜೋಡಿಸಿಕೊಂಡಿದ್ದವು.

"ಇದನ್ನ ತುಂಬಿದಾಗ ಕೊನೀ ಜಾಗಾದಾಗ ಯಾರಿದ್ರು, ಕಸ್ತೂರವ್ವಾ?"

"ಚೀಟಿ ಮ್ಯಾಲ ಐತಲ್ರಿ," ಎಂದೆ.

ಇಷ್ಟೇ. ಒಂದು ಸುಳ್ಳು ಅಕ್ಷರ ಇಲ್ಲ ಅದರಲ್ಲಿ. ಚೀಟಿಯ ಮೇಲೆ ಇದ್ದದ್ದು ನಿಜ. ಇಂಥ ನಿಜ ಹೇಳಲು ಎಷ್ಟು ಕೆಟ್ಟವಳಾಗಬೇಕು ಎಂದು ನನಗೆ ಆಗಲೇ ಗೊತ್ತಿತ್ತು.

ಮೆಹರೂನಳನ್ನು ಕರೆಸಿದರು. ಫೋಟೋ ತೋರಿಸಲಿಲ್ಲ, ಏನೂ ಕೇಳಲಿಲ್ಲ, ಬರೀ ಕೂಗಾಡಿದರು. ಪಟ್ಟಾದವರೆಗೆ ಕೇಳಿಸುತ್ತಿತ್ತು. "ಕಣ್ಣ ಹೋಗಿದ್ರ ಮನ್ಯಾಗ ಕುಂಡ್ರಬೇಕು!" ಎಂದದ್ದು ಎಲ್ಲರಿಗೂ ಕೇಳಿಸಿತು. ಅವಳು ವಾದಿಸಲಿಲ್ಲ. ಹೇಗೆ ವಾದಿಸುತ್ತಾಳೆ? ನಾಲ್ಕು ದಿನಕ್ಕೊಮ್ಮೆ ಎದ್ದು ಹೋಗುತ್ತಿದ್ದವಳಿಗೆ ಯಾವ ಪೆಟ್ಟಿಗೆ ಯಾವ ಹೊತ್ತಿನದು ಎಂದು ಹೇಗೆ ನೆನಪಿರುತ್ತದೆ? ನೀರಿಗೆ ಹೋಗಿದ್ದೆ ಅಂದರೂ ಅವಳದೇ ತಪ್ಪು, ಜಾಗದಲ್ಲೇ ಇದ್ದೆ ಅಂದರೂ ಅವಳದೇ ತಪ್ಪು. ತನ್ನ ಊಟದ ಡಬ್ಬಿ ತೆಗೆದುಕೊಂಡು ನಡೆದುಬಿಟ್ಟಳು. ಮರುದಿನ ಕೊನೆಯ ಜಾಗ ನನಗೆ ಬಂತು.

ಇದೇ ನಾನು ಮುಂದೆ ಹೇಳುತ್ತೇನೆ ಎಂದ ಆಸೆ. ಆ ಜಾಗದಲ್ಲಿ ಹೋಗಿ ಕೂತಾಗ ನನಗೆ ದುಃಖದ ಜೊತೆ ಸುಖವೂ ಆಯಿತು. ಮೂರು ವರ್ಷದ ಮೇಲೆ ಹೆಂಗಸರ ಮೇಲ್ವಿಚಾರಣೆಯನ್ನೂ ನನಗೇ ಕೊಟ್ಟರು. ಮುಕಾದಮ ಕಸ್ತೂರಕ್ಕ ಅನ್ನಿಸಿಕೊಂಡೆ. ಮೆಹರೂನಳಿಗೆ ಊರಿನಲ್ಲಿ ಬೇರೆ ಹೆಸರು ಬಿತ್ತು – ಗಾಜಿನ ಮೆಹರೂನ. ಸುತ್ತಲಿನ ಯಾವ ಶೆಡ್ಡಿನವರೂ ಅವಳನ್ನು ಪಟ್ಟಾದ ಹತ್ತಿರ ಕೂರಿಸಲಿಲ್ಲ. ಕಬ್ಬಿನ ಹೊಲಕ್ಕೆ ಕಳೆ ತೆಗೆಯಲು ಹೋದಳು. ರಂಜಾನ್ ಹಬ್ಬ ಬಂದರೆ ಮಾತ್ರ ಹಾಲು ಶಾವಿಗೆಯ ಸುರಕುಂಬಾದ ಬಟ್ಟಲು ನಮ್ಮ ಮನೆಗೆ ತಪ್ಪದೆ ಬರುತ್ತಿತ್ತು. ಕುಡಿಯುತ್ತಿದ್ದೆ. ಗಂಟಲಿಗೆ ಏನೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಎಂಥ ಗಂಟಲು ನೋಡಿ ನನ್ನದು.

ಹೇಗೆ ಬದುಕಿದೆ ಎಂದು ಕೇಳುತ್ತೀರೇನು? ಒಂದು ಮಾತಿನ ಆಸರೆಯಿತ್ತು. ನಾನು ಆ ಗಾಜನ್ನು ನೋಡಲಿಲ್ಲ – ನೋಡಿದ್ದರೆ ತೆಗೆಯುತ್ತಿದ್ದೆ – ನೋಡಲಿಲ್ಲ, ಅಷ್ಟೇ. ಯಾರ ಕಣ್ಣು ತಪ್ಪುವುದಿಲ್ಲ? ಕೈ ಎದ್ದದ್ದೇನೋ ನಿಜ, ಕೈ ಹಾಗೆ ನೂರು ಸಲ ಏಳುತ್ತದೆ. ಹೀಗೆ ಹೇಳಿಕೊಳ್ಳುತ್ತ ಎಂಟು ವರ್ಷ ತಳ್ಳಿದೆ.

ಈ ಸಲದ ಸುಗ್ಗಿಗೆ ಮೆಹರೂನಳ ಸೊಸೆ ಶಬಾನಾ ನನ್ನ ಹತ್ತಿರ ಕೆಲಸ ಕೇಳಿಕೊಂಡು ಬಂದಳು. ಚುರುಕಾದ ಹುಡುಗಿ. ಮಾಲಕರಿಗೆ ಹೇಳಿದೆ. "ಆ ಗಾಜಿನ ಮನಿಯವರು ಬ್ಯಾಡ," ಎಂದು ತಲೆ ಎತ್ತದೆ ಹೇಳಿದರು. ಹೊರಗೆ ಬಂದು ಶಬಾನಾಳಿಗೆ, "ಜಾಗಾ ತುಂಬ್ಯಾವವ್ವಾ, ಮುಂದಿನ ವರ್ಷ ನೋಡೂಣು," ಎಂದೆ. ಅವಳು ನನ್ನ ಬೆನ್ನ ಹಿಂದೆ ಖಾಲಿ ಇದ್ದ ಎರಡು ಜಾಗಗಳನ್ನು ನೋಡಿದಳು. ಹೊರಟುಹೋದಳು. ಆ ಮನೆಗೆ ನಾನು ಅದೇ ತಪ್ಪನ್ನು ಎರಡನೆಯ ಸಲ ಮಾಡಿದ್ದೆ.

ಅದಾದ ಹದಿನೈದು ದಿನಕ್ಕೆ ನನ್ನ ತಂಗಿಯ ಮಗಳು ಅಶ್ವಿನಿ ಫೋನು ಮಾಡಿದಳು. ಸಾಂಗಲಿಯ ಕಡೆ ಕಾಲೇಜಿನಲ್ಲಿ ಮೆದುಳಿನ ಅಲೆಗಳನ್ನು ಅಳೆಯುವುದನ್ನು ಕಲಿಯುತ್ತಾಳೆ. ಪರೀಕ್ಷೆ ಹತ್ತಿರ ಬಂದಿದೆ, ಅಭ್ಯಾಸಕ್ಕೆ ಒಂದು ತಲೆ ಬೇಕು, ಬಾ ಎಂದಳು. "ಎಣ್ಣಿ ಹಚ್ಚಿಕೊಂಡು ಬರಬ್ಯಾಡ ಮತ್ತ," ಎಂದು ಬೇರೆ. ಹೋದೆ. ತಲೆಯ ತುಂಬ ತಂಪನೆಯ ಅಂಟು ಮೆತ್ತಿ, ವೈರುಗಳು ಜೋತುಬಿದ್ದ ಟೋಪಿ ಹಾಕಿ, ಕಂಪ್ಯೂಟರಿನ ಮುಂದೆ ಕೂರಿಸಿದಳು.

"ನಡುವ ಒಂದು ಪ್ಲಸ್ ಗುರುತು ಐತಿ ನೋಡು, ದೊಡ್ಡವ್ವಾ. ಅದನ್ನಽ ನೋಡ್ಕೋತ ಕುಂಡ್ರು. ಅದು ದಪ್ಪ ಆದಾಗೊಮ್ಮೆ ಗುಂಡಿ ಒತ್ತು. ಬ್ಯಾರೆ ಕಡೆ ಲಕ್ಷ ಕೊಡಬ್ಯಾಡ."

ಒತ್ತಿದೆ. ಕಾಲು ಗಂಟೆಯಾಗಿರಬೇಕು. ಕಣ್ಣು ಉರಿಯಿತು. ಮುಗಿದ ಮೇಲೆ, ಗುರುತಿನ ಸುತ್ತ ಏನಾದರೂ ಬದಲಾದದ್ದು ಕಂಡಿತೇ ಎಂದು ಕೇಳಿದಳು. ಸುತ್ತ ಏನೋ ಗೆರೆಗಳು ಬಂದು ಹೋಗುತ್ತಿದ್ದವು, ಎಲ್ಲ ಒಂದೇ ಥರ ಇದ್ದವು ಎಂದೆ. ಅವಳು ನಕ್ಕಳು. ಗೆರೆಗಳು ಒಂದೇ ಕಡೆ ವಾಲಿಕೊಂಡು ಬರುತ್ತ ಬರುತ್ತ ಆಗೊಮ್ಮೆ ಈಗೊಮ್ಮೆ ತಟ್ಟನೆ ಇನ್ನೊಂದು ಕಡೆ ವಾಲುತ್ತಿದ್ದವಂತೆ. ಆಮೇಲೆ ಕಂಪ್ಯೂಟರಿನಲ್ಲಿ ಏನೇನೋ ಕೂಡಿಸಿ, ಎರಡು ಬಣ್ಣದ ಗೆರೆ ಎಳೆದು ತೋರಿಸಿದಳು. ಮಾಮೂಲಿ ಚಿತ್ರಗಳಿಗೆ ಒಂದು ಗೆರೆ, ವಾಲಿಕೆ ಬದಲಾದವುಗಳಿಗೆ ಇನ್ನೊಂದು. ಎರಡೂ ಜೊತೆಗೇ ಹೋಗುತ್ತ ಒಂದು ಕಡೆ ಬೇರೆಯಾಗಿ, ಎರಡನೆಯದು ಕೆಳಕ್ಕೆ ಜಗ್ಗಿತ್ತು.

"ಇಲ್ಲಿ ನೋಡು. ನೀ ಕಂಡಿಲ್ಲ ಅಂದಿ. ನಿನ್ನ ಮೆದುಳು ಕಂಡೈತಿ. ಬರಬೇಕಾದ್ದು ಬರದ ಬ್ಯಾರೇದು ಬಂತಂದ್ರ ಅದು ತಾನಽ ಬೆಚ್ಚಿ ಬೀಳತೈತಿ, ನಮಗ ಹೇಳಾಕ ಹೋಗೂದಿಲ್ಲ."

ಇಪ್ಪತ್ತು ವರ್ಷ ಪಟ್ಟಾದ ಮುಂದೆ ಮಾಡಿದ್ದು ಇದೇ ತಾನೇ? ಒಂದೇ ಥರದ್ದು ಹರಿಯುವಾಗ ಬೇರೆಯದನ್ನು ಹಿಡಿಯುವುದು. ಹಾಗಾದರೆ ಆ ದಿನ ಎದ್ದ ಕೈ – ಗಾಜನ್ನು ಕಂಡೇ ಎದ್ದ ಕೈ? ನಾನು ನೋಡಲಿಲ್ಲ ಎಂಬ ಆ ಒಂದು ಆಸರೆಯೂ ಸುಳ್ಳೇ?

ಟೋಪಿ ಹಾಕಿಕೊಂಡೇ ಅಶ್ವಿನಿಗೆ ಗಾಜಿನ ಕಥೆ ಹೇಳಿದೆ. ರಬ್ಬರಿನ ಮಾತು ಮಾತ್ರ ಹೇಳಲಿಲ್ಲ. ಅವಳು ಗಂಭೀರವಾಗಿ ಕೇಳಿದಳು. ಒಂದೇ ಒಂದು ಸಲದ್ದು ಈ ಯಂತ್ರದಲ್ಲೂ ಕಾಣುವುದಿಲ್ಲ, ಎಷ್ಟೋ ಸಲದ್ದನ್ನು ಕೂಡಿಸಿದರೆ ಮಾತ್ರ ಗೆರೆ ಮೂಡುತ್ತದೆ, ಹಾಗಾಗಿ ಆ ದಿನದ್ದು ಹೀಗೇ ಎಂದು ಯಾರೂ ಹೇಳಲಾರರು ಎಂದಳು. ಅರಿವಿಲ್ಲದೆ ಮೆದುಳು ಎಷ್ಟನ್ನು ಹಿಡಿಯಬಲ್ಲದು ಎಂಬುದರ ಬಗ್ಗೆ ಓದಿದವರಲ್ಲೇ ವಾದ ಇದೆಯಂತೆ. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ಕಂಡಿದ್ರೂ ಅದು ನಿನ್ನ ಅರಿವಿಗಿ ಬಂದಿಲ್ಲ, ದೊಡ್ಡವ್ವಾ. ಅರಿವಿಗಿ ಬರದದ್ದನ್ನ ನಿನ್ನ ತಪ್ಪು ಅಂತ ಹೆಂಗ ಅನ್ನೂದು? ಬಿಟ್ಟಬಿಡು."

ಎಷ್ಟು ಹಗುರಾಯಿತು ಎಂದರೆ ಅಲ್ಲೇ ಅತ್ತುಬಿಟ್ಟೆ. ಕಂಡದ್ದು ಮೆದುಳು, ಕಸ್ತೂರಿ ಅಲ್ಲ. ನನ್ನ ತಲೆಯೊಳಗೇ ಇದ್ದುಕೊಂಡು ನನಗೆ ಹೇಳದೆ ಕೇಳದೆ ನೋಡುವ ಬಾಡಿಗೆದಾರ ಒಬ್ಬ ಇದ್ದಾನೆ, ಅಪರಾಧ ಅವನದು. ಇಷ್ಟು ಸೋವಿಯಾಗಿ ಯಾವ ದೇವರೂ ನನ್ನನ್ನು ಬಿಡುಗಡೆ ಮಾಡಿರಲಿಲ್ಲ.

ಮೀರಜದಿಂದ ಕಾಗವಾಡದ ಬಸ್ಸಿಗೆ ಕೂತೆ. ಕೂದಲೆಲ್ಲ ಅಂಟಂಟು, ಗಾಳಿಗೆ ಮುಖಕ್ಕೆ ಮೆತ್ತುತ್ತಿತ್ತು. ಕಟ್ಟಿಕೊಳ್ಳಲು ಚೀಲದಲ್ಲಿ ರಬ್ಬರ್ ಹುಡುಕಿದೆ. ಬೆರಳಿಗೆ ಸಿಕ್ಕಿತು. ಸಿಕ್ಕಿದ್ದೇ ತಡ, ಯಾರೋ ಕೆನ್ನೆಗೆ ಹೊಡೆದ ಹಾಗಾಯಿತು.

ಅಲ್ಲಲೇ ಕಸ್ತೂರಿ, ಯಾರಿಗೆ ಮೋಸ ಮಾಡುತ್ತಿದ್ದೀಯ ನೀನು? ಗಾಜನ್ನು ಕಂಡೆಯೋ ಇಲ್ಲವೋ, ಅದು ಕೈ ಮತ್ತು ಮೆದುಳಿನ ಜಗಳ, ಅವೆರಡೇ ಬಗೆಹರಿಸಿಕೊಳ್ಳಲಿ. ಆಫೀಸಿನಲ್ಲಿ ಆ ಕೆಂಪು ರಬ್ಬರನ್ನು ಕಂಡದ್ದು ಯಾರು? ಮಾಲಕರ ಬೆನ್ನು ನೋಡಿ ಅಂದಾಜು ಹಾಕಿದ್ದು ಯಾವ ಅಲೆ? "ಚೀಟಿ ಮ್ಯಾಲ ಐತಲ್ರಿ" ಎಂದದ್ದು ಯಾವ ಬಾಡಿಗೆದಾರ? ಖಾಲಿ ಜಾಗ ಇಟ್ಟುಕೊಂಡು ಶಬಾನಾಳನ್ನು ಕಳಿಸಿದ್ದು ಯಾರು? ನಾನು. ಪೂರ್ತಿ ಎಚ್ಚರದಲ್ಲಿದ್ದ ನಾನು. ಗಾಜು ತಪ್ಪಿದ್ದು ತಪ್ಪೇ ಅಲ್ಲ ಎಂದು ಎಲ್ಲ ಡಾಕ್ಟರುಗಳೂ ಸೇರಿ ಬರೆದುಕೊಟ್ಟರೂ ನನಗೆ ಅದರಿಂದ ಒಂದು ಕವಡೆಯ ಉಪಯೋಗ ಇಲ್ಲ.

ಬಸ್ಸಿನಲ್ಲಿ ಪಕ್ಕದವಳು "ಏನಾತ್ರಿ ಅಕ್ಕಾರ?" ಎಂದು ಕೇಳಿದಳು. ಈ ಸಲ ಏನಿಲ್ಲ ಎನ್ನಲಿಲ್ಲ. "ಭಾಳ ಆಗೈತ್ರಿ," ಎಂದೆ. ಅವಳು ಹೆದರಿ ಸ್ವಲ್ಪ ಸರಿದು ಕೂತಳು.

ಮೊದಲು ಮೆಹರೂನಳ ಹತ್ತಿರ ಹೋಗಬೇಕಿತ್ತು ಎಂದು ನೀವು ಅನ್ನಬಹುದು. ಬೇಕೆಂದೇ ಹೋಗಲಿಲ್ಲ. ಅವಳನ್ನು ನಾನು ಬಲ್ಲೆ. "ಹೋಗ್ಲಿ ಬಿಡು, ಯಾರಿಗೂ ಹೇಳಬ್ಯಾಡ, ನಿನ್ನ ಕೆಲಸ ಹೋದೀತು" ಎಂದುಬಿಡುತ್ತಿದ್ದಳು. ನಾನು ಕಣ್ಣು ಒರೆಸಿಕೊಂಡು, ಅವಳ ಮಾತಿಗೆ ಬೆಲೆ ಕೊಟ್ಟವಳ ಹಾಗೆ, ಸುಮ್ಮನಾಗಿಬಿಡುತ್ತಿದ್ದೆ. ನನ್ನನ್ನೂ ನಾನು ಬಲ್ಲೆ.

ಮರುದಿನ ಬೆಳಿಗ್ಗೆ ಪಟ್ಟಾ ಶುರುವಾದ ಮೇಲೆ ನಾನೇ ಹೋಗಿ ಸ್ವಿಚ್ ಆರಿಸಿದೆ. ಬೇದಾಣೆ ಇದ್ದಲ್ಲಿಯೇ ನಿಂತಿತು. ಹೆಂಗಸರೆಲ್ಲ ಕರೆಂಟು ಹೋಯಿತೆಂದು ಮೇಲೆ ನೋಡಿದರು. ಮಾಲಕರು ಆಫೀಸಿನಿಂದ ಹೊರಗೆ ಬಂದರು.

"ಎಂಟು ವರ್ಷದ ಹಿಂದಿನ ಆ ಗಾಜಿನ ಪೆಟಗಿ ನಾ ತುಂಬಿದ್ದು," ಎಂದೆ. "ಮೆಹರೂನ ಜಾಗಾದಾಗ ಇರಲಿಲ್ಲ. ನನ್ನ ಮನಿಗೂ ನೀರು ತುಂಬಾಕ ಹೋಗಿದ್ಲು. ಚೀಟಿ ಆಕೀದು, ಕೈ ನಂದು. ಪೆಟಗಿ ವಾಪಸ್ ಬಂದ ದಿನಾನಽ ನನಗ ಗೊತ್ತಾಗಿತ್ತು. ನಂದು ಅಂತ ಹೇಳು ಸಾಕ್ಷಿ ಅದರಾಗ ಇತ್ತು, ಅದನ್ನ ಕದ್ದು ಮುಚ್ಚಿಟ್ಟೀನಿ."

ಮೆದುಳಿನ ಮಾತು ಒಂದೂ ತರಲಿಲ್ಲ. ತಂದಿದ್ದರೆ ಅರ್ಧ ಜನ ಅಯ್ಯೋ ಪಾಪ ಅನ್ನುತ್ತಿದ್ದರು.

ಮಾಲಕರಿಗೆ ನಾನು ಹೇಳಿದ್ದಕ್ಕಿಂತ ಪಟ್ಟಾ ನಿಂತದ್ದರ ಚಿಂತೆ. "ಹಳೀ ಮಾತು ಈಗ್ಯಾಕ ಕೆದರತಿ, ಕಸ್ತೂರವ್ವಾ? ಚಾಲೂ ಮಾಡು," ಎಂದರು.

"ನಿಮಗ ಹಳೀದ್ರಿ. ಆಕೀನ ಮಂದಿ ನಿನ್ನೀನೂ ಗಾಜಿನ ಮೆಹರೂನ ಅಂತಽ ಕರದಾರ. ನೀವು ಕೂಗ್ಯಾಡಿದ್ದು ಇಡೀ ಶೆಡ್ಡಿಗಿ ಕೇಳಿತ್ತು. ನಂದು ಚೂಕ ಆತು, ತಪ್ಪಾತು ಅನ್ನೂದೂ ಅಷ್ಟಽ ಕೇಳಬೇಕು."

"ನನಗ ಬುದ್ಧಿ ಹೇಳಾಕ ಬರಬ್ಯಾಡ. ಮುಕಾದಮ ಕೆಲಸ ಬ್ಯಾಡಾಗೈತೇನು?"

"ಬ್ಯಾಡಾಗೈತ್ರಿ."

ಇದನ್ನು ಹೇಳುವಾಗ ನನಗೆ ಸುಖವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅವರು ಮೆಹರೂನಳಿಗಾಗಿ ಒಂದು ಮಾತೂ ಆಡಲಿಲ್ಲ. ಸಂಜೆಯ ಹೊತ್ತಿಗೆ ಮುಕಾದಮಕಿ ಇನ್ನೊಬ್ಬಳ ಪಾಲಾಯಿತು. ನನ್ನನ್ನು ಪಟ್ಟಾದ ಮೊದಲ ಜಾಗಕ್ಕೆ ಹಾಕಿದರು, ಹೊಸ ಹುಡುಗಿಯರ ಜೊತೆ ಕಡ್ಡಿ ಆರಿಸಲು. ಬಿಟ್ಟು ಹೋಗುತ್ತೇನೆ ಎಂದುಕೊಂಡಿದ್ದರು. ಹೋಗುವುದಿಲ್ಲ. ದಿನಾ ಅಲ್ಲೇ ಕೂರುತ್ತೇನೆ, ಹೊಸಬರು ಯಾಕೆ ಇಲ್ಲಿ ಎಂದು ಕೇಳಿದರೆ ಕೇಳಿದವರಿಗೆಲ್ಲ ಮೊದಲಿನಿಂದ ಹೇಳುತ್ತೇನೆ. ಶಬಾನಾಳನ್ನು ಕರೆಯಲು ಮಾತ್ರ ಮಾಲಕರು ಒಪ್ಪಿದರು, ನನ್ನ ಬಾಯಿ ಮುಚ್ಚಿಸಲು ಇರಬೇಕು. ಅವಳು ಬರಲಿಲ್ಲ. "ನಮ್ಮತ್ತೀ ಮರ್ಯಾದಿ ತಗದ ಶೆಡ್ಡಿನಾಗ ನಾ ಕಾಲಿಡೂದಿಲ್ಲ," ಎಂದು ಹೇಳಿ ಕಳಿಸಿದಳು. ಸರಿಯಾಗಿಯೇ ಹೇಳಿದಳು.

ಪಟ್ಟಾ ನಿಲ್ಲಿಸಿದ ಆ ದಿನವೇ ಮಧ್ಯಾಹ್ನ ಊಟದ ಹೊತ್ತಿಗೆ ಮೆಹರೂನಳ ಮನೆಗೆ ಹೋದೆ. ಸುದ್ದಿ ನನಗಿಂತ ಮೊದಲೇ ಹೋಗಿ ಕೂತಿತ್ತು. ಅವಳು ಕಟ್ಟೆಯ ಮೇಲೆ ಇದ್ದಳು. ನಾನು ನಿಂತೇ ಇದ್ದೆ.

"ಮೆಹರೂನ, ಆ ಪೆಟಗಿ ನಂದು."

"ಕೇಳಿದ್ನಿ," ಎಂದಳು. ತಲೆ ಅಲ್ಲಾಡಿಸಿ, "ಖರೇ ಅಲ್ಲ ಅದು," ಎಂದಳು.

ನನಗೆ ಅರ್ಥವಾಗಲಿಲ್ಲ. ಖರೇ ಎಂದೆ.

"ಅಲ್ಲ, ಕಸ್ತೂರಿ. ನನ್ನ ಸಲುವಾಗಿ ಯಾಕ ಮ್ಯಾಲ ಹಾಕ್ಕೋತಿ? ನಾ ನೋಡೀನಲ್ಲ ಅದನ್ನ. ಹಸರು ಬಳಿ ಚೂರು. ಪಟ್ಟಾದ ಮ್ಯಾಲ ಬರಾಕತ್ತಿತ್ತು. ಮಿಣಕ್ ಅಂತು. ಕೈ ಹಾಕೂದರಾಗ ದಾಟಿ ಹೋತು. ಎದ್ದು ಪೆಟಗ್ಯಾಗಿಂದ ತಗೀಬೇಕಿತ್ತು, ಬ್ಯಾಸರಾತು, ಬಿಟ್ನಿ. ನನ್ನ ಕೈಯಾಗಿನ ಬಳೀನಽ ಒಡದು ಬಿದ್ದಿತ್ತು ಅದು. ಯಾರಿಗೂ ಹೇಳಿಲ್ಲ ನಾ. ಇವತ್ತ ನಿನಗ ಹೇಳಾಕತ್ತೀನಿ."

ಶೆಡ್ಡಿನಲ್ಲಿ ಆಗ ಎಲ್ಲರೂ ಬಳೆಯ ಚೂರೇ ಇರಬೇಕು ಎಂದು ಮಾತಾಡಿಕೊಂಡಿದ್ದರು. ಅವಳಿಗೆ ಯಾರೂ ಫೋಟೋ ತೋರಿಸಿರಲಿಲ್ಲ. ತಪ್ಪು ನಿನ್ನದು, ಕಣ್ಣು ನಿನ್ನದು ಎಂದು ಊರೆಲ್ಲ ಹೇಳಿದ್ದನ್ನು ನಂಬಿ, ಅವಳು ಆ ಗಾಜನ್ನು ತನ್ನ ನೆನಪಿನೊಳಗೆ ಹುಡುಕಿ ಹುಡುಕಿ, ಇಲ್ಲದ್ದನ್ನು ಕೊನೆಗೆ ಕಂಡೇ ಬಿಟ್ಟಿದ್ದಳು. ಅವಳ ಕೈ ನೋಡಿದೆ. ಬಳೆ ಇರಲಿಲ್ಲ. ಯಾವಾಗಿನಿಂದ ಹಾಕಿಕೊಳ್ಳುತ್ತಿಲ್ಲ ಎಂದು ಗೋಡೆಯಾಚೆ ಇರುವ ನನಗೆ ಗೊತ್ತಿರಲಿಲ್ಲ. ಕೌದಿ ಹೊಲಿಯುವುದನ್ನೂ ಬಿಟ್ಟಿದ್ದಳಂತೆ, ಕಣ್ಣಿನ ಮೇಲೆ ಭರವಸೆ ಇಲ್ಲವೆಂದು. ಮನೆಯಲ್ಲಿ ಅಕ್ಕಿಯನ್ನು ಅವಳು ಹಸನು ಮಾಡಿದ ಮೇಲೆ ಶಬಾನಾ ಇನ್ನೊಮ್ಮೆ ನೋಡಬೇಕು. ಹಾಗೆಂದು ಅವಳೇ ನಿಯಮ ಮಾಡಿದ್ದಳು.

ನಾನು ಅವಳ ಮುಂದೆ ನೆಲಕ್ಕೆ ಕೂತೆ. ಎಲ್ಲ ಹೇಳಿದೆ. ನೀರಿನ ಸುದ್ದಿ, ಕೆಂಪು ರಬ್ಬರ್, ಆಫೀಸು, ನನ್ನ ಮಾತು. ಅವಳು ಕೇಳಿದಳು. ಒಮ್ಮೆ ಮಾತ್ರ ನಡುವೆ ತಡೆದಳು.

"ಗಾಜು ಯಾ ಬಣ್ಣದ್ದಿತ್ತು?"

"ಬಿಳೇದು, ಮೆಹರೂನ. ಬಲ್ಬಿಂದು. ನೀ ಅಲ್ಲಿ ಇರಲಿಲ್ಲ. ನೀ ಅದನ್ನ ನೋಡಿಲ್ಲ."

ಅವಳು ತನ್ನ ಎರಡೂ ಅಂಗೈಗಳನ್ನು ಕಣ್ಣಿನ ಮೇಲೆ ಇಟ್ಟುಕೊಂಡಳು. ಅಳುತ್ತಿದ್ದಾಳೆ ಎಂದುಕೊಂಡೆ. ಅಳುತ್ತಿರಲಿಲ್ಲ. ಕೈ ತೆಗೆದಾಗ ನನ್ನ ಮೇಲೆ ಸಿಟ್ಟು ಕೂಡ ಇರಲಿಲ್ಲ ಅವಳ ಮುಖದಲ್ಲಿ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು – ತಡೆದುಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ. ದಾರಿ ತಪ್ಪಿದವರು ಸಿಕ್ಕವರನ್ನು ಕೇಳುವ ಹಾಗೆ ನನ್ನನ್ನು ಕೇಳಿದಳು:

"ಹಂಗಾದ್ರ ಎಂಟು ವರ್ಷ ನಾ ನೋಡಿದ್ದು ಏನು?"

ಇದಕ್ಕೆ ಉತ್ತರ ಅಶ್ವಿನಿಯ ಹತ್ತಿರ ಇರಬಹುದು. ನಾನು ಅದನ್ನು ತಂದು ಇವಳಿಗೆ ಕೊಡುವುದಿಲ್ಲ. ನನ್ನ ಒಂದು ಮಾತು ಇವಳ ತಲೆಯೊಳಗೆ ಹೋಗಿ ಗಾಜಾಗಿ ಕೂತಿತು, ಅದಕ್ಕೆ ಇನ್ನೊಂದು ಚಂದದ ಹೆಸರಿಟ್ಟು ನಾನು ಜಾರಿಕೊಳ್ಳಬಾರದು.

ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಕೊಟ್ಟುಬಿಡುತ್ತಿದ್ದಳು.